ಬೈಪಾಸ್ ಬಂತು, ಊರೊಳಗಿನ ಬಿ.ಎಂ. ರೋಡ್ ಉಳಿಯಿತು: ರಾಮನಗರ–ಚನ್ನಪಟ್ಟಣದ ಹಳೇ ಹೆದ್ದಾರಿಗೆ ಮುಂದೇನು? (ವೇದಿಕೆಯ ಚರ್ಚೆ; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು)

ಕಣ್ವದ ದಂಡೆ

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆ ಆಯ್ತು. ಒಟ್ಟು 118 ಕಿ.ಮೀ. ಉದ್ದ, ನಡುವೆ ಆರು ಪಥ, ಎರಡೂ ಪಕ್ಕ ಸರ್ವಿಸ್ ರಸ್ತೆ. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವನ್ನೂ ಪಕ್ಕಕ್ಕೆ ಬಿಟ್ಟು ವಾಹನ ಸಾಗುತ್ತೆ. ಇವುಗಳಲ್ಲಿ ರಾಮನಗರ–ಚನ್ನಪಟ್ಟಣದ ಬೈಪಾಸೇ ಎಲ್ಲಕ್ಕಿಂತ ಉದ್ದ, ಸುಮಾರು 22 ಕಿ.ಮೀ.

ಈ 22 ಕಿ.ಮೀ.ಗೆ ಜೊತೆಯಾಗಿ ಊರೊಳಗೆ ಉಳಿದಿರುವ ಹಳೇ ಬಿ.ಎಂ. (ಬೆಂಗಳೂರು–ಮೈಸೂರು) ರೋಡ್ ಬಗ್ಗೆ ಇಲ್ಲಿ ಮಾತಾಡೋಣ. ರೇಷ್ಮೆಗೂಡು ಮಾರುಕಟ್ಟೆಯ ರಾಮನಗರ, ಜಾನಪದ ಲೋಕ, ಕೆಂಗಲ್ ಆಂಜನೇಯ ದೇವಸ್ಥಾನ, ಚನ್ನಪಟ್ಟಣದ ಬೊಂಬೆ ಅಂಗಡಿಗಳು ಎಲ್ಲಾ ಇರೋದು ಹಳೇ ರಸ್ತೆ ಮೇಲೆ. ದಾರಿಹೋಕರ ಕಾರು ನಿಂತರೆ ವ್ಯಾಪಾರ, ಇಲ್ಲದಿದ್ದರೆ ಇಲ್ಲ. ಈಗ ರಸ್ತೆ ಹೆದ್ದಾರಿಯ ಅಗಲದಲ್ಲೇ ಇದೆ, ನಡುವೆ ಡಿವೈಡರ್ ಕೂಡ ಇದೆ, ಆದರೆ ದೂರದೂರಿನ ವಾಹನ ಇಲ್ಲ.

ಮೂರು ವಿಷಯ ತಿಳಿದವರು ಖಚಿತವಾಗಿ ಬರೆಯಿರಿ. ರಸ್ತೆ ಯಾರ ಕೈಗೆ ಹೋಗುತ್ತೆ, ಹೇಗೆ? ಊರ ಬೀದಿಯಾಗಿ ಇದನ್ನು ಹೇಗೆ ಮಾರ್ಪಡಿಸಬೇಕು? ಬೈಪಾಸ್‌ನಲ್ಲಿ ಹೋಗುವವರನ್ನು ಮತ್ತೆ ಊರಿನ ಕಡೆ ಕರೆಯುವುದು ಹೇಗೆ?

ಮೈಲಿಗಲ್ಲು

ಮೊದಲನೇ ಪ್ರಶ್ನೆಗೆ. ಬೈಪಾಸ್ ತೆರೆದ ದಿನವೇ ಹಳೇ ರಸ್ತೆ ರಾಷ್ಟ್ರೀಯ ಹೆದ್ದಾರಿ ಅನ್ನಿಸಿಕೊಳ್ಳುವುದು ನಿಲ್ಲುವುದಿಲ್ಲ. 1956ರ ರಾಷ್ಟ್ರೀಯ ಹೆದ್ದಾರಿಗಳ ಕಾಯ್ದೆಯ 2ನೇ ಸೆಕ್ಷನ್ ಪ್ರಕಾರ ಹೆದ್ದಾರಿ ಅಂತ ಘೋಷಿಸುವುದೂ ಗೆಜೆಟ್ ಅಧಿಸೂಚನೆಯಿಂದ, ಪಟ್ಟಿಯಿಂದ ಕೈಬಿಡುವುದೂ ಗೆಜೆಟ್ ಅಧಿಸೂಚನೆಯಿಂದ. ಅಧಿಸೂಚನೆ ಹೊರಡುವವರೆಗೂ ಅದು ಕೇಂದ್ರದ ರಸ್ತೆಯೇ.

ನಡೆಯುವ ಕ್ರಮ ಹೀಗೆ: ಬೈಪಾಸ್ ಆದ ಭಾಗವನ್ನು ಒಂದು ಬಾರಿ ಸುಸ್ಥಿತಿಗೆ ತಂದು ರಾಜ್ಯಕ್ಕೆ ಕೊಡುತ್ತಾರೆ. ಕಚೇರಿಗಳಲ್ಲಿ ಇದಕ್ಕೆ ‘ಒನ್ ಟೈಮ್ ಇಂಪ್ರೂವ್‌ಮೆಂಟ್’ ಅಂತಾರೆ. ಆಮೇಲೆ ಲೋಕೋಪಯೋಗಿ ಇಲಾಖೆಯ ವಿಭಾಗ ವಹಿಸಿಕೊಳ್ಳುತ್ತೆ, ಇಲ್ಲವೇ ಊರ ಮಿತಿಯೊಳಗಿನ ಭಾಗ ನಗರಸಭೆಗೆ ಹೋಗುತ್ತೆ. ಊರಿನವರು ಗಮನ ಕೊಡಬೇಕಾದ ಘಟ್ಟ ಇದೇ. ‘ಸುಸ್ಥಿತಿ’ ಅಂದರೆ ಮೇಲೊಂದು ಪದರ ಡಾಂಬರು ಹಾಕಿ ಬಿಳಿ ಗೆರೆ ಎಳೆಯುವುದು ಅಂತಲೇ ಅಂದಾಜುಪಟ್ಟಿ ತಯಾರಾಗುತ್ತೆ. ಚರಂಡಿ, ಪಾದಚಾರಿ ಮಾರ್ಗ, ಬೀದಿದೀಪ ಆ ಪಟ್ಟಿಯಲ್ಲಿ ಸೇರಿದರೆ ಸೇರಿತು. ಒಮ್ಮೆ ಕೈ ಬದಲಾದರೆ ಅಷ್ಟು ಅಗಲದ ರಸ್ತೆಯ ಖರ್ಚು ಪೂರ್ತಿ ಸ್ಥಳೀಯ ಬೊಕ್ಕಸದ ಮೇಲೆ. ನಾಲ್ಕು ಪಥದ ಡಾಂಬರು ರಸ್ತೆಯನ್ನು ತೆರಿಗೆ ಹಣದಲ್ಲಿ ನೋಡಿಕೊಳ್ಳುವುದು ಚಿಕ್ಕ ನಗರಸಭೆಗೆ ಆಗುವ ಕೆಲಸ ಅಲ್ಲ. ಆದ್ದರಿಂದ ಕೇಳುವುದನ್ನೆಲ್ಲ ಹಸ್ತಾಂತರಕ್ಕೆ ಮುಂಚೆಯೇ ಕೇಳಿ.

ಟಾರು ಜಲ್ಲಿ

ಮೇಲಿನ ಮಾತಿಗೆ ಒಂದು ಸೇರ್ಪಡೆ. ಹಳೇ ಡಾಂಬರಿನ ಮೇಲೆ ಸುಮ್ಮನೆ ಇನ್ನೊಂದು ಪದರ ಎಳೆಯಲು ದಯವಿಟ್ಟು ಒಪ್ಪಬೇಡಿ. ಲೆಕ್ಕ ನೋಡಿ. ಅಂಚಿನ ಕಲ್ಲು ರಸ್ತೆಯಿಂದ 150 ಮಿ.ಮೀ. ಎತ್ತರ ಇರುತ್ತೆ. ಮೇಲ್ಪದರದ ಬಿಟುಮಿನಸ್ ಕಾಂಕ್ರೀಟ್ ಒಂದು ಸಲಕ್ಕೆ 40 ಮಿ.ಮೀ. ಎರಡು ಸಲ ಹಾಕಿದರೆ ಕಲ್ಲು ಉಳಿಯೋದು 70 ಮಿ.ಮೀ. ಆಗ ಸ್ಕೂಟರ್ ಸಲೀಸಾಗಿ ಪಾದಚಾರಿ ಮಾರ್ಗ ಹತ್ತುತ್ತೆ. ಮೂರನೇ ಸಲಕ್ಕೆ ರಸ್ತೆಯ ನೀರು ಅಂಗಡಿ ಹೊಸ್ತಿಲಿಗೆ ಬರುತ್ತೆ. ಹಳೇ ಹೆದ್ದಾರಿ ಪಕ್ಕದ ಎಷ್ಟೋ ಅಂಗಡಿಗಳಿಗೆ ಎರಡು ಮೆಟ್ಟಿಲು ಇಳಿದು ಹೋಗಬೇಕಾಗಿರೋದು ಅಂಗಡಿ ಕುಸಿದದ್ದರಿಂದ ಅಲ್ಲ, ರಸ್ತೆ ಏರಿದ್ದರಿಂದ.

ಕೇಳಬೇಕಾದದ್ದು: ಮೊದಲು ಮಿಲ್ಲಿಂಗ್ ಯಂತ್ರದಲ್ಲಿ 40 ಮಿ.ಮೀ. ಕೆರೆದು ತೆಗೆದು, ಆಮೇಲೆ ಅಷ್ಟೇ ದಪ್ಪ ಹಾಕುವುದು. ಕೆರೆದ ಮೇಲೆ ಧೂಳು ಪೂರ್ತಿ ಊದಿ ತೆಗೆದು ಟ್ಯಾಕ್ ಕೋಟ್ (ಎರಡು ಪದರ ಅಂಟಿಸುವ ತೆಳು ಟಾರು) ಸಿಂಪಡಿಸಬೇಕು. ಧೂಳಿನ ಮೇಲೆ ಹಾಕಿದರೆ ಮೊದಲ ಮಳೆಗಾಲದಲ್ಲೇ ಹಪ್ಪಳದ ಹಾಗೆ ಏಳುತ್ತೆ. ನಡುವಿನಿಂದ ಅಂಚಿಗೆ 2.5% ಇಳಿಜಾರು, ಅಂದರೆ 7 ಮೀಟರ್ ಅಗಲಕ್ಕೆ 17.5 ಸೆಂ.ಮೀ. ಇಳಿತ. ದಾರ ಕಟ್ಟಿ ಅಳೆದರೆ ಯಾರಿಗಾದರೂ ಗೊತ್ತಾಗುತ್ತೆ. ಯುಜಿಡಿ (ಒಳಚರಂಡಿ) ಮ್ಯಾನ್‌ಹೋಲ್ ಮುಚ್ಚಳಗಳು ಹೊಸ ಮಟ್ಟಕ್ಕೆ ಸರಿಯಾಗಿ ಕೂರಬೇಕು. ಎರಡು ಸೆಂಟಿಮೀಟರ್ ತಗ್ಗಿದ್ದರೂ ಬಸ್ಸಿನ ಚಕ್ರ ಬಿದ್ದು ಬಿದ್ದು ಸುತ್ತಲ ಡಾಂಬರು ಒಡೆಯುತ್ತೆ.

ನೀರಿನ ಪೈಪು, ಯುಜಿಡಿ ಕೆಲಸ ಬಾಕಿ ಇದ್ದರೆ ಡಾಂಬರಿಗೆ ಮುಂಚೆಯೇ ಮುಗಿಸಿ. ಅಗೆದ ಗುಂಡಿಗೆ ಅಗೆದ ಮಣ್ಣನ್ನೇ ಒಂದೇ ಸಲ ತಳ್ಳಿ ಮುಚ್ಚುವುದರಿಂದಲೇ ರಸ್ತೆ ಅಡ್ಡಕ್ಕೆ ಕಾಲುವೆ ಹಾಗೆ ಕುಸಿಯೋದು. 15 ಸೆಂ.ಮೀ. ಪದರ, ನೀರು, ದಮ್ಮಸು, ಮತ್ತೆ 15 ಸೆಂ.ಮೀ. ಮೇಲಿನ ಭಾಗಕ್ಕೆ ಮಣ್ಣು ಬೇಡ, ಜಲ್ಲಿ ಮಿಶ್ರಣವೇ ಆಗಬೇಕು.

ಬಣ್ಣದ ಬುಗುರಿ

ಯಾರ ಸ್ವಾಧೀನದಲ್ಲಿದೆ ಅಂತ ಸಾಮಾನ್ಯ ಅಂಗಡಿಯವರು ತಿಳಿದುಕೊಳ್ಳೋದು ಹೇಗೆ? ಒಂದು ಕಚೇರಿ ಇನ್ನೊಂದು ಕಚೇರಿ ಕಡೆ ಕೈ ತೋರಿಸಿದರೆ ಅರ್ಜಿ ಎಲ್ಲಿ ಕೊಡಬೇಕು?

ಮೈಲಿಗಲ್ಲು

ಮಾಹಿತಿ ಹಕ್ಕಿನಲ್ಲಿ ಎರಡು ಅರ್ಜಿ ಹಾಕಿ, ಒಂದು ಹೆದ್ದಾರಿ ಪ್ರಾಧಿಕಾರಕ್ಕೆ, ಇನ್ನೊಂದು ಲೋಕೋಪಯೋಗಿ ಇಲಾಖೆಗೆ. ಶುಲ್ಕ ತಲಾ 10 ರೂಪಾಯಿ. ಕೇಂದ್ರದ್ದನ್ನು ಆನ್‌ಲೈನ್‌ನಲ್ಲೇ ಕಳಿಸಬಹುದು. ರಾಜ್ಯದ ಅರ್ಜಿಗೆ ಕರ್ನಾಟಕದ ನಿಯಮ ಬೇರೆ: ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಪುರಾಣ ಬರೆದರೆ ಆ ಕಾರಣಕ್ಕೇ ವಾಪಸ್ ಬರುತ್ತೆ.

ಕೇಳುವ ರೀತಿ ಮುಖ್ಯ. ‘ರಸ್ತೆ ಯಾಕೆ ರಿಪೇರಿ ಮಾಡಿಲ್ಲ’ ಅಂತ ಕೇಳಿದರೆ ಅದು ಮಾಹಿತಿಯೇ ಅಲ್ಲ ಅಂತ ಬರೆಯುತ್ತಾರೆ. ದಾಖಲೆ ಕೇಳಿ: ಈ ಕಿ.ಮೀ.ಯಿಂದ ಈ ಕಿ.ಮೀ.ವರೆಗಿನ ಹಳೇ ಭಾಗವನ್ನು ಹೆದ್ದಾರಿ ಪಟ್ಟಿಯಿಂದ ಕೈಬಿಟ್ಟ ಅಧಿಸೂಚನೆಯ ಪ್ರತಿ, ಹಸ್ತಾಂತರದ ಜಂಟಿ ಪರಿಶೀಲನಾ ವರದಿಯ ಪ್ರತಿ, ಒಂದು ಬಾರಿಯ ಅಭಿವೃದ್ಧಿಯ ಅಂದಾಜುಪಟ್ಟಿಯ ಪ್ರತಿ. ಉತ್ತರಕ್ಕೆ 30 ದಿನ ಗಡುವು.

ಇನ್ನೊಂದು ತಪ್ಪು ತಿಳಿವಳಿಕೆ ತಿದ್ದಬೇಕು. ಹೆದ್ದಾರಿ ಪಟ್ಟಿಯಿಂದ ಬಿಟ್ಟ ಕೂಡಲೇ ರಸ್ತೆಯಂಚಿನವರೆಗೂ ಕಟ್ಟಡ ಕಟ್ಟಬಹುದು ಅಂತ ಕೆಲವರು ಕಾಯುತ್ತಿದ್ದಾರೆ. ಬಯಲು ಪ್ರದೇಶದ ಹೆದ್ದಾರಿಗೆ ಭಾರತೀಯ ರಸ್ತೆ ಕಾಂಗ್ರೆಸ್ (ರಸ್ತೆಗಳ ಅಳತೆ ಗೊತ್ತುಮಾಡುವ ಸಂಸ್ಥೆ) ಹೇಳುವ ಕಟ್ಟಡ ರೇಖೆ, ಅಂದರೆ ಅದರೊಳಗೆ ಕಟ್ಟಡ ಬೇಡ ಅನ್ನುವ ಗೆರೆ, ರಸ್ತೆ ಮಧ್ಯದಿಂದ 40 ಮೀಟರ್; ಕಟ್ಟಡದ ಮೇಲೆ ನಿಯಂತ್ರಣ ಇರುವ ನಿಯಂತ್ರಣ ರೇಖೆ 75 ಮೀಟರ್. ಪಟ್ಟಿಯಿಂದ ಬಿಟ್ಟ ಮೇಲೆ ಆ ಅಳತೆ ಬದಲಾದರೂ ಊರಿನ ಯೋಜನಾ ಪ್ರಾಧಿಕಾರದ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಆ ರಸ್ತೆಗೆ ತೋರಿಸಿದ ಅಗಲ ಹಾಗೇ ಇರುತ್ತೆ. ಕಟ್ಟುವ ಮುಂಚೆ ಅಲ್ಲಿ ನೋಡಿ.

ಪಟ್ಟಿಯಿಂದ ಕೈಬಿಡುವ ವಿಷಯ ಹಿಂದೊಮ್ಮೆ ದೇಶದಲ್ಲೆಲ್ಲ ಸುದ್ದಿಯಾಗಿತ್ತು. 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಬೇಡ ಅಂದಾಗ ಹಲವು ರಾಜ್ಯಗಳು ಊರೊಳಗಿನ ಹೆದ್ದಾರಿಗಳ ದರ್ಜೆ ಬದಲಿಸಲು ಹೊರಟವು. 2017ರ ಜುಲೈನಲ್ಲಿ, ನಗರಸಭೆ ವ್ಯಾಪ್ತಿಯ ಪರವಾನಗಿಗಳಿಗೆ ಆ ಆದೇಶ ಅಡ್ಡಿಯಲ್ಲ ಅಂತ ಕೋರ್ಟೇ ಸ್ಪಷ್ಟಪಡಿಸಿತು.

ಮಿಷಿಗನ್ ಕನ್ನಡಿಗ

ಮೂರನೇ ಪ್ರಶ್ನೆಗೆ ಅಮೆರಿಕದ ಪದ್ಧತಿಯೊಂದನ್ನು ಹೇಳುತ್ತೇನೆ. ಅಲ್ಲಿ ಹೆದ್ದಾರಿಗೆ ಬೈಪಾಸ್ ಆದಾಗ ಊರೊಳಗಿನ ಹಳೇ ದಾರಿಗೆ ಅದೇ ನಂಬರು ಇಟ್ಟು ಮೇಲೆ ‘ಬಿಸಿನೆಸ್’ ಅಂತ ಫಲಕ ಸೇರಿಸುತ್ತಾರೆ. ಇಂಟರ್‌ಸ್ಟೇಟ್ (ರಾಜ್ಯದಿಂದ ರಾಜ್ಯಕ್ಕೆ ಹೋಗುವ ಮಹಾಹೆದ್ದಾರಿ) ಆದರೆ ಎಂದಿನ ಕೆಂಪು–ನೀಲಿ ಗುರಾಣಿ ಆಕಾರದ ಫಲಕದ ಬದಲು ಪೂರ್ತಿ ಹಸಿರು ಗುರಾಣಿ. ಇದರಲ್ಲಿ ಎರಡು ಬಗೆ. ಹೆದ್ದಾರಿಯಿಂದ ಹೊರಟು ಊರು ದಾಟಿ ಮತ್ತೆ ಅದೇ ಹೆದ್ದಾರಿಗೆ ಸೇರಿದರೆ ಲೂಪ್. ಊರೊಳಗೇ ಮುಗಿದರೆ ಸ್ಪರ್. ಪೇಟೆಗೆ ಲಾಭ ಲೂಪ್‌ನಿಂದ, ಯಾಕೆಂದರೆ ಚಾಲಕನಿಗೆ ವಾಪಸ್ ತಿರುಗುವ ಕೆಲಸ ಇಲ್ಲ.

ಅರಿಜೋನಾದ ವಿಲಿಯಮ್ಸ್ ಅನ್ನುವ ಪುಟ್ಟ ಊರು ಹಳೇ ಹೆಸರಾಂತ ಹೆದ್ದಾರಿ ರೂಟ್ 66ರಲ್ಲಿ ಕೊನೆಯದಾಗಿ ಬೈಪಾಸ್ ಆದ ಊರು, 1984ರ ಅಕ್ಟೋಬರ್ 13ರಂದು. ಅದರ ಮುಖ್ಯ ಬೀದಿ ಇಂಟರ್‌ಸ್ಟೇಟ್ 40ರ ಬಿಸಿನೆಸ್ ಲೂಪ್ ಆಯಿತು. ಹಳೇ ದಾರಿಯ ಹೆಸರನ್ನೇ ಊರು ಬಂಡವಾಳ ಮಾಡಿಕೊಂಡಿದೆ.

ಆದರೆ ಈ ಫಲಕ ಶಾಶ್ವತ ಅಲ್ಲ. ಮಿಷಿಗನ್‌ನಲ್ಲಿ ಬಿಸಿನೆಸ್ ಮಾರ್ಗ ಅನ್ನಿಸಿಕೊಳ್ಳಲು ರಸ್ತೆ ರಾಜ್ಯದ ಸ್ವಾಧೀನದಲ್ಲೇ ಇರಬೇಕು. ಕಲಮಜೂ ಊರಿನ ಪೇಟೆಯಲ್ಲಿ ಇಂಟರ್‌ಸ್ಟೇಟ್ 94ರ ಬಿಸಿನೆಸ್ ಲೂಪ್ ಇತ್ತು. ಮಿಷಿಗನ್ ಅವೆನ್ಯೂ, ಕಲಮಜೂ ಅವೆನ್ಯೂ ಎರಡೂ ಅಗಲವಾದ ಏಕಮುಖ ರಸ್ತೆಗಳು, ಪೇಟೆಯ ನಡುವೆಯೇ ಹೆದ್ದಾರಿ ವೇಗ. 2019ರ ಜನವರಿಯಲ್ಲಿ ರಾಜ್ಯ ಅವನ್ನು ನಗರಕ್ಕೆ ಬಿಟ್ಟುಕೊಟ್ಟಿತು. ಬಿಸಿನೆಸ್ ಲೂಪ್ ಅನ್ನುವುದು ಅಲ್ಲಿಗೆ ಮುಗಿಯಿತು. ಬದಲಿಗೆ ಏಕಮುಖ ಸಂಚಾರವನ್ನು ದ್ವಿಮುಖ ಮಾಡುವ, ನಡೆಯುವವರಿಗೆ ಜಾಗ ಕೊಡುವ ಅಧಿಕಾರ ನಗರಕ್ಕೆ ಬಂತು. ಫಲಕ ಇರಬೇಕು ಅಂದರೆ ಬೀದಿ ರಾಜ್ಯದ ನಿಯಮದಂತೆ. ಬೀದಿ ನಮ್ಮಿಷ್ಟದಂತೆ ಬೇಕು ಅಂದರೆ ಫಲಕ ಇಲ್ಲ.

ಕಣ್ವದ ದಂಡೆ

ನಮ್ಮಲ್ಲಿ ಆ ಕಟ್ಟುಪಾಡು ಇಲ್ಲವಲ್ಲ ಸರ್. ಪೇಟೆ ನಗರಸಭೆ ಕೈಯಲ್ಲಿದ್ದರೂ ಹೆದ್ದಾರಿಯ ತಿರುವಿನಲ್ಲಿ ಫಲಕ ಹಾಕಲು ಏನು ಅಡ್ಡಿ?

ಮೈಲಿಗಲ್ಲು

ಅಡ್ಡಿ ಇಲ್ಲ, ಅರ್ಜಿ ಬೇಕು. ಫಲಕ ನಿಲ್ಲುವ ಜಾಗ ಹೆದ್ದಾರಿ ಪ್ರಾಧಿಕಾರದ್ದು, ಹಾಗಾಗಿ ಅವರೇ ಹಾಕಬೇಕು. ಖಾಸಗಿ ಜಾಹೀರಾತಿನ ಬೋರ್ಡು ಅಲ್ಲಿ ನಿಲ್ಲಿಸಿದರೆ ತೆಗೆಸುತ್ತಾರೆ. ಅಂಗಡಿಗಳ ಹೆಸರು ಬರೆದು ಕೊಟ್ಟರೆ ಅರ್ಜಿ ಮುಂದೆ ಹೋಗಲ್ಲ. ಜಾಗದ ಹೆಸರು ಬರೆಯಿರಿ. ಪ್ರವಾಸಿ ತಾಣಕ್ಕೆ ಕಂದು ಹಿನ್ನೆಲೆಯ ಫಲಕದ ಪದ್ಧತಿ ಇದೆ. ಜಾನಪದ ಲೋಕ, ಕೆಂಗಲ್, ಬೊಂಬೆ ಪೇಟೆ ಮೂರೂ ಅದರಲ್ಲಿ ಬರಲು ಯೋಗ್ಯ.

ಪದಗಳಲ್ಲಿ ಜಿಪುಣತನ ಇರಲಿ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತೆ. ಮೂರು ಸಾಲಿಗಿಂತ ಹೆಚ್ಚು ಓದಲು ಆಗಲ್ಲ. ಮೊದಲ ಸಾಲು ‘ರಾಮನಗರ – ಚನ್ನಪಟ್ಟಣ’. ಎರಡನೇ ಸಾಲು ‘ಹಳೇ ಬಿ.ಎಂ. ರಸ್ತೆ’. ಮೂರನೇ ಸಾಲು ‘ಮುಂದೆ ಹೆದ್ದಾರಿಗೆ ಸೇರುತ್ತದೆ’. ಈ ಮೂರನೇ ಸಾಲನ್ನು ಯಾವ ಕಾರಣಕ್ಕೂ ಬಿಡಬೇಡಿ. ಊರೊಳಗೆ ಹೋದರೆ ಮತ್ತೆ ಬೈಪಾಸ್ ಸಿಗುತ್ತೋ ಇಲ್ಲವೋ ಅನ್ನುವ ಅಳುಕಿನಿಂದಲೇ ಹೆಚ್ಚಿನವರು ತಿರುಗದೆ ಹೋಗೋದು. ಫಲಕ ತಿರುವಿನ ಹತ್ತಿರ ಒಂದೇ ಇದ್ದರೆ ಪ್ರಯೋಜನವಿಲ್ಲ, 1 ಕಿ.ಮೀ. ಮುಂಚೆ, 500 ಮೀಟರ್ ಮುಂಚೆ ಒಂದೊಂದು ಇರಲಿ. ಊರೊಳಗೂ ಪ್ರತಿ ದೊಡ್ಡ ಸರ್ಕಲ್‌ನಲ್ಲಿ ‘ಮೈಸೂರು’, ‘ಬೆಂಗಳೂರು’ ಬಾಣದ ಗುರುತು ಉಳಿಯಬೇಕು. ಊರವರಿಗೆ ಬೇಡ ಅನ್ನಿಸಿ ಅದನ್ನೇ ಮೊದಲು ಕಿತ್ತುಹಾಕುವ ತಪ್ಪು ಆಗುತ್ತೆ.

ಬಿ.ಎಚ್. ರೋಡ್ ತುಮಕೂರು

‘ಹಳೇ ಬಿ.ಎಂ. ರಸ್ತೆ’ ಅಂತ ಹೆಸರನ್ನೇ ಹಾಕುವುದು ಬಹಳ ಸರಿ. ನಮ್ಮಲ್ಲಿ ನಂಬರು ಬದಲಾಗುತ್ತೆ, ಹೆಸರು ನಿಲ್ಲುತ್ತೆ. ಬೆಂಗಳೂರು–ಹೊನ್ನಾವರ ದಾರಿ ತುಮಕೂರಿನಿಂದಾಚೆ ಎನ್‌ಎಚ್-206 ಆಗಿತ್ತು, ಈಗ ತುಮಕೂರು–ತಿಪಟೂರು–ಅರಸೀಕೆರೆ ಭಾಗ ಎನ್‌ಎಚ್-73. ಜನರಿಗೆ ಇವತ್ತಿಗೂ ಬಿ.ಎಚ್. ರೋಡ್. ದಾವಣಗೆರೆ, ಹಾವೇರಿ, ಹುಬ್ಬಳ್ಳಿಯಲ್ಲಿ ಪೂನಾ–ಬೆಂಗಳೂರಿನ ಪಿ.ಬಿ. ರೋಡ್. ಎನ್‌ಎಚ್-4 ಹೋಗಿ 48 ಬಂದರೂ ವಿಳಾಸದಲ್ಲಿ ಪಿ.ಬಿ. ರೋಡೇ. ನಿಮ್ಮದೂ ಎಸ್‌ಎಚ್-17 ಆಗಿದ್ದದ್ದು ಆಮೇಲೆ ಎನ್‌ಎಚ್-275 ಆಯಿತು.

ಟಾರು ಜಲ್ಲಿ

ಎರಡನೇ ಪ್ರಶ್ನೆಗೆ ಬರುತ್ತೇನೆ. ಮೊದಲು ಟೇಪು ಹಿಡಿದು ಅಳೆಯಿರಿ. ಒಂದು ಬದಿಯ ಚರಂಡಿಯ ಹೊರ ಅಂಚಿನಿಂದ ಇನ್ನೊಂದು ಬದಿಯ ಹೊರ ಅಂಚಿನವರೆಗೆ, ಪ್ರತಿ 50 ಮೀಟರ್‌ಗೆ ಒಂದು ಅಳತೆ. ವಿದ್ಯುತ್ ಕಂಬ, ಟ್ರಾನ್ಸ್‌ಫಾರ್ಮರ್, ಮರ ಎಲ್ಲಿವೆ ಅಂತ ಅದೇ ಹಾಳೆಯಲ್ಲಿ ಗುರುತು ಹಾಕಿ. ಅತಿ ಕಡಿಮೆ ಅಗಲ ಎಲ್ಲಿದೆಯೋ ಅದರ ಮೇಲೆ ಯೋಜನೆ ನಿಲ್ಲಬೇಕು, ಸರಾಸರಿ ಮೇಲಲ್ಲ.

ಉದಾಹರಣೆಗೆ 24 ಮೀಟರ್ ಸಿಕ್ಕಿತು ಅಂದುಕೊಳ್ಳಿ. ಹೆದ್ದಾರಿಗೆ ಬೇಕಾಗಿದ್ದ ಎರಡೆರಡು ಪಥ ಈಗ ಬೇಡ. ಪ್ರತಿ ಬದಿಗೆ 3.5 ಮೀಟರ್‌ನ ಒಂದೇ ಪಥ ಸಾಕು, ಉಳಿದದ್ದೆಲ್ಲ ನಡೆಯುವವರಿಗೆ.

ಕೆಂಪು ಬಸ್ಸು

ಒಪ್ಪಲ್ಲ. ನಡುವೆ ಡಿವೈಡರ್ ಇಟ್ಟು 3.5 ಮೀಟರ್ ಅಂದರೆ ಒಂದು ಟ್ರ್ಯಾಕ್ಟರ್ ಕೆಟ್ಟು ನಿಂತರೆ ಹಿಂದೆ ಎಲ್ಲಾ ಬಂದ್. 2023ರ ಆಗಸ್ಟ್ 1ರಿಂದ ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್‌ಗೆ ಪ್ರವೇಶ ಇಲ್ಲ. ಅವೆಲ್ಲಾ ಸರ್ವಿಸ್ ರಸ್ತೆ, ಹಳೇ ರಸ್ತೆಯಲ್ಲೇ ಓಡಬೇಕು. ಅಂದರೆ ಹಳೇ ರಸ್ತೆಗೆ ಕಾರು ಕಡಿಮೆಯಾಯ್ತೇ ಹೊರತು ನಿಧಾನದ ಗಾಡಿ ಕಡಿಮೆಯಾಗಿಲ್ಲ. ಬಸ್ಸಿನ ಅಗಲವೇ 2.6 ಮೀಟರ್ ತನಕ ಇರುತ್ತೆ. ಕೆಟ್ಟು ನಿಂತ ಟ್ರೇಲರ್ ಪಕ್ಕ ಅದು ತೂರಬೇಕಲ್ಲ?

ಟಾರು ಜಲ್ಲಿ

ಸರಿಯಾದ ಮಾತು, ತಿದ್ದಿಕೊಳ್ಳುತ್ತೇನೆ. ಓಡುವ ಜಾಗ ಪ್ರತಿ ಬದಿಗೆ 5.5 ಮೀಟರ್ ಇರಲಿ. ಎರಡು ಮೀಟರ್‌ಗೆ ಚೂರು ಮೇಲ್ಪಟ್ಟ ಟ್ರೇಲರ್ ನಿಂತರೂ ಪಕ್ಕದಲ್ಲಿ ಮೂರು ಮೀಟರ್ ಉಳಿಯುತ್ತೆ. ಹಾಗಾದರೆ 24 ಮೀಟರ್ ಹಂಚಿಕೆ ಹೀಗೆ: ಎರಡೂ ಬದಿ ಸೇರಿ ಓಡುವ ಜಾಗ 11, ಉದ್ದಕ್ಕೆ ನಿಲ್ಲಿಸುವ ಪಾರ್ಕಿಂಗ್ ತಲಾ 2.5ರಂತೆ 5, ಪಾದಚಾರಿ ಮಾರ್ಗ ತಲಾ 3.3ರಂತೆ 6.6, ಡಿವೈಡರ್‌ಗೆ ಉಳಿದದ್ದು 1.4.

ಪಾದಚಾರಿ ಮಾರ್ಗದ 3.3 ಮೀಟರನ್ನೂ ಬಿಡಿಸಿ ಹೇಳುತ್ತೇನೆ, ಅಲ್ಲೇ ಮೋಸ ಆಗೋದು. ಅಂಗಡಿ ಮುಂದೆ ಜನ ನಿಂತು ನೋಡಲು ಅರ್ಧ ಮೀಟರ್, ಕಂಬ–ಮರ–ಪೆಟ್ಟಿಗೆಗಳಿಗೆ ಅಂಚಿನ ಕಡೆ 1 ಮೀಟರ್, ನಡುವೆ ಏನೂ ಅಡ್ಡ ಬಾರದಂತೆ 1.8 ಮೀಟರ್. ಈ 1.8 ನಿಯಮದ ಕನಿಷ್ಠ ಅಳತೆ. ನಕ್ಷೆಯಲ್ಲಿ ಮೂರು ಮೀಟರ್ ತೋರಿಸಿ ಟ್ರಾನ್ಸ್‌ಫಾರ್ಮರ್ ನಡುವೆಯೇ ಬಿಟ್ಟರೆ ಜನ ಮತ್ತೆ ರಸ್ತೆಗೇ ಇಳಿಯುತ್ತಾರೆ.

ಜೀಬ್ರಾ ಇರುವ ಕಡೆ ಪಾರ್ಕಿಂಗ್ ತೆಗೆದು ಡಿವೈಡರನ್ನು ಎರಡು ಮೀಟರ್‌ಗೆ ಅಗಲಿಸಿ. ಸೈಕಲ್ ಹಿಡಿದ ಮಗು ನಡುವೆ ನಿಂತರೆ ಮುಂದಿನ ಚಕ್ರ ರಸ್ತೆಗೆ ಚಾಚಬಾರದು.

ಬಣ್ಣದ ಬುಗುರಿ

ಪಾರ್ಕಿಂಗ್ ಉದ್ದಕ್ಕೆ ಅಂದರೆ ಕಡಿಮೆ ಕಾರು ನಿಲ್ಲುತ್ತವೆ. ಬೊಂಬೆ ಕೊಳ್ಳಲು ಬರುವವರು ಓರೆಯಾಗಿ ನಿಲ್ಲಿಸಿ ಅಭ್ಯಾಸ. ಸರಕಿನ ಲಾರಿ ಎಲ್ಲಿ ನಿಲ್ಲಬೇಕು?

ಟಾರು ಜಲ್ಲಿ

ಓರೆ ಪಾರ್ಕಿಂಗ್‌ಗೆ ಐದು ಮೀಟರ್ ಹತ್ತಿರ ಆಳ ಬೇಕು, ಅದು ಪಾದಚಾರಿ ಮಾರ್ಗವನ್ನೇ ತಿನ್ನುತ್ತೆ. ಹಿಂದಕ್ಕೆ ತೆಗೆಯುವಾಗ ಚಾಲಕನಿಗೆ ಬರುವ ಬೈಕು ಕಾಣಲ್ಲ, ಅಪಘಾತ ಅಲ್ಲೇ. ಅಗಲ 30 ಮೀಟರ್ ಇರುವ ಕಡೆ ಬೇಕಾದರೆ ಮಾಡಿ. ಅಂಗಡಿಯವರ ಸ್ವಂತ ಗಾಡಿಗಳು ಬೆಳಗಿನಿಂದ ಸಂಜೆತನಕ ಮುಂದೆಯೇ ನಿಲ್ಲುವುದು ತಪ್ಪಿದರೆ ಗಿರಾಕಿಗೆ ಜಾಗ ತಾನಾಗೇ ಸಿಗುತ್ತೆ. ಅವು ಅಡ್ಡಬೀದಿಯಲ್ಲಿರಲಿ. ಲಾರಿಗೆ ಪ್ರತಿ ನೂರಿನ್ನೂರು ಮೀಟರ್‌ಗೆ 12 ಮೀಟರ್ ಉದ್ದದ ಜಾಗ ಹಳದಿ ಗೆರೆಯಲ್ಲಿ ಬಿಟ್ಟು, ಬೆಳಿಗ್ಗೆ ಹತ್ತಕ್ಕೆ ಮುಂಚೆ ಇಳಿಸುವಂತೆ ಮಾಡಿ.

ಚರಂಡಿ ಮೇಲೆ ಪ್ರತಿ ಅಂಗಡಿಯವರೂ ತಮ್ಮದೇ ಚಪ್ಪಡಿ ಗಾರೆ ಹಾಕಿ ಕೂರಿಸಿದರೆ ಹೂಳು ತೆಗೆಯಲು ಆಗಲ್ಲ. ಇಬ್ಬರು ಎತ್ತುವಷ್ಟು ತೂಕದ ಬಿಡಿ ಚಪ್ಪಡಿ, ಕೊಕ್ಕೆ ಹಾಕಲು ರಂಧ್ರ, ಗಾರೆ ಬೇಡ. ಇಳಿಜಾರು 200ಕ್ಕೆ 1 ಅಂದರೂ 100 ಮೀಟರ್‌ಗೆ ಅರ್ಧ ಮೀಟರ್ ಇಳಿಯಬೇಕು. ಕೊನೆ ಎಲ್ಲಿ ಸೇರುತ್ತೆ ಅಂತ ಮೊದಲು ಮಟ್ಟ ನೋಡಿ, ಆಮೇಲೆ ಅಗೆಯಿರಿ.

ಬಿ.ಎಚ್. ರೋಡ್ ತುಮಕೂರು

ವೇಗದ ವಿಷಯ ಯಾರೂ ಎತ್ತಲಿಲ್ಲ. ದಟ್ಟಣೆ ಹೋದ ಮೇಲೆ ಖಾಲಿ ನಾಲ್ಕು ಪಥದಲ್ಲಿ ಬೈಕುಗಳು ಹಾರುತ್ತವೆ. 2018ರ ಕೇಂದ್ರ ಅಧಿಸೂಚನೆಯಂತೆ ನಗರ ಮಿತಿಯಲ್ಲಿ ಕಾರಿಗೆ ಗರಿಷ್ಠ 70, ದ್ವಿಚಕ್ರಕ್ಕೆ 60. ಪೇಟೆಗೆ ಅದೂ ಹೆಚ್ಚೇ. ಕಡಿಮೆ ಮಿತಿ ಗೊತ್ತುಪಡಿಸಲು ಸ್ಥಳೀಯವಾಗಿ ಅವಕಾಶ ಇದೆ, ಕೇಳಿ ಮಾಡಿಸಿ.

ಹಂಪ್ ಹಾಕುವುದಾದರೆ ರಸ್ತೆ ಕಾಂಗ್ರೆಸ್ ಅಳತೆ 3.7 ಮೀಟರ್ ಉದ್ದ, ನಡುವೆ 10 ಸೆಂ.ಮೀ. ಎತ್ತರ. 25 ಕಿ.ಮೀ. ವೇಗದಲ್ಲಿ ದಾಟಿದರೆ ಬೆನ್ನಿಗೆ ತಾಗಲ್ಲ. 40 ಮೀಟರ್ ಮುಂಚೆ ಎಚ್ಚರಿಕೆ ಫಲಕ. ಕಪ್ಪು–ಹಳದಿ ರಬ್ಬರ್ ಪಟ್ಟಿಗಳನ್ನು ಬೇಡ ಅನ್ನಿ. ಬಸ್ಸು ಹತ್ತಿ ಹತ್ತಿ ಒಂದೊಂದು ತುಂಡೇ ಕಿತ್ತು ಹೋಗುತ್ತೆ, ಡಾಂಬರಿನಲ್ಲಿ ನೆಟ್ಟ ಬೋಲ್ಟ್ ಮಾತ್ರ ತಲೆ ಎತ್ತಿ ನಿಂತಿರುತ್ತೆ. ರಾತ್ರಿ ಬೈಕಿನ ಟೈರು ಸೀಳೋದು ಅದೇ. ಶಾಲೆ, ಆಸ್ಪತ್ರೆ ಎದುರು ಜೀಬ್ರಾವನ್ನೇ 10 ಸೆಂ.ಮೀ. ಎತ್ತರಿಸಿದರೆ ಹಂಪ್ ಕೆಲಸವೂ ಆಯ್ತು, ದಾಟುವ ಜಾಗವೂ ಆಯ್ತು.

ಕೆಂಪು ಬಸ್ಸು

ಬಸ್ಸಿನ ಬಗ್ಗೆ. ತಡೆರಹಿತ ಬಸ್ಸು ಬೈಪಾಸ್‌ನಲ್ಲೇ ಹೋಗುತ್ತೆ, ರಾಮನಗರ–ಚನ್ನಪಟ್ಟಣಕ್ಕೆ ಅದರಲ್ಲಿ ಟಿಕೆಟ್ ಇಲ್ಲ. ಹತ್ತುವ ಮುಂಚೆ ‘ಊರೊಳಗೆ ಹೋಗುತ್ತಾ, ಬೈಪಾಸಾ’ ಅಂತ ಕಂಡಕ್ಟರ್ ಹತ್ತಿರ ಕೇಳಿ, ಬೋರ್ಡು ಒಂದನ್ನೇ ನಂಬಬೇಡಿ. ಬೈಪಾಸ್ ತಿರುವಿನಲ್ಲಿ ಇಳಿಸಿ ಅಂತ ಹಟ ಹಿಡಿಯುವುದು ಅಪಾಯ, ಅಲ್ಲಿ ನಿಲ್ದಾಣ ಇಲ್ಲ, ರಾತ್ರಿ ಆಟೋ ಸಿಗಲ್ಲ. ಊರೊಳಗಿನ ನಿಲ್ದಾಣಗಳನ್ನು ಸರ್ಕಲ್ ದಾಟಿದ ಮೇಲೆ ಇಡಿ, ಜೀಬ್ರಾ ಬಸ್ಸಿನ ಹಿಂದೆ ಬರಲಿ. ಮುಂದೆ ಇದ್ದರೆ ಬಸ್ಸಿನ ಮರೆಯಿಂದ ಜನ ಓಡಿ ದಾಟುತ್ತಾರೆ.

ಕಾರಿನವರಿಗೂ ಒಂದು ಮಾತು. ಊರೊಳಗೆ ಹೋದರೆ ಟೋಲ್ ಹೆಚ್ಚಾಗುತ್ತೆ ಅಂತ ಹೆದರುತ್ತಾರೆ. ಬೆಂಗಳೂರು ಕಡೆಯ ಟೋಲ್ ಬಿಡದಿ ಹತ್ತಿರ, ಮೈಸೂರು ಕಡೆಯದು ಗಣಂಗೂರಿನಲ್ಲಿ. ರಾಮನಗರದಲ್ಲಿ ಇಳಿದು ಚನ್ನಪಟ್ಟಣ ದಾಟಿ ಮತ್ತೆ ಹತ್ತಿದರೆ ನಡುವೆ ಬೇರೆ ಟೋಲ್ ಇಲ್ಲ. ಇದನ್ನು ಅಂಗಡಿಯವರು ತಮ್ಮ ಬೋರ್ಡಿನಲ್ಲೇ ಬರೆದು ಹಾಕಬಹುದು.

ನಕ್ಷೆ ತಿದ್ದುವವ

ಈಗ ದಾರಿ ತೋರಿಸೋದು ಫೋನು. ಬೆಂಗಳೂರಿಂದ ಮೈಸೂರು ಅಂತ ಹಾಕಿದರೆ ಬೈಪಾಸೇ ಬರುತ್ತೆ. ಗ್ರಾಹಕರಿಗೆ ಲೊಕೇಶನ್ ಕಳಿಸುವಾಗ ಅಂಗಡಿಯ ಗುರುತು ಹಳೇ ರಸ್ತೆಯ ಮೇಲೆ, ಬಾಗಿಲಿನ ಎದುರೇ ಇದೆಯಾ ನೋಡಿ. ಹಿತ್ತಲ ಕಡೆ ಇದ್ದರೆ ಕಾರು ಬೇರೆ ಬೀದಿಗೆ ಹೋಗಿ ನಿಲ್ಲುತ್ತೆ. ವಿಳಾಸದಲ್ಲಿ ‘ಬೆಂಗಳೂರು–ಮೈಸೂರು ಹೆದ್ದಾರಿ’ ಅಂತ ಇದ್ದರೆ ‘ಹಳೇ ಬಿ.ಎಂ. ರಸ್ತೆ’ ಅಂತ ತಿದ್ದಿ. ಇಲ್ಲದಿದ್ದರೆ ಬಂದವರು ಹೊಸ ಹೆದ್ದಾರಿ ಪಕ್ಕ ಹುಡುಕುತ್ತಾರೆ.

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ (ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ನಕ್ಷೆ) ರಸ್ತೆಗಳ ದರ್ಜೆ ಹೀಗೆ: ರಾಷ್ಟ್ರೀಯ ಹೆದ್ದಾರಿ ಟ್ರಂಕ್, ರಾಜ್ಯ ಹೆದ್ದಾರಿ ಪ್ರೈಮರಿ, ಜಿಲ್ಲಾ ಮುಖ್ಯ ರಸ್ತೆ ಸೆಕೆಂಡರಿ. ಮೈಲಿಗಲ್ಲು ಅವರು ಹೇಳಿದ ಅಧಿಸೂಚನೆ ಕೈಗೆ ಬಂದ ಮೇಲೆ ಮಾತ್ರ ದರ್ಜೆ ಬದಲಿಸಿ. ಹಳೇ ನಂಬರನ್ನು ಅಳಿಸಬೇಡಿ, ‘ಓಲ್ಡ್ ರೆಫ್’ ಅಂಕಣಕ್ಕೆ ಸರಿಸಿ. ಹಳೇ ದಾಖಲೆ ಹುಡುಕುವವರಿಗೆ ಬೇಕಾಗುತ್ತೆ.

ಕಣ್ವದ ದಂಡೆ

ಎಲ್ಲರಿಗೂ ವಂದನೆ. ಕೊನೆಯದಾಗಿ ಒಂದು: ರಸ್ತೆ ಪಕ್ಕದ ಕಿಲೋಮೀಟರ್ ಕಲ್ಲುಗಳನ್ನು ತೆಗೆಯಬೇಕಾ?

ಮೈಲಿಗಲ್ಲು

ಬೇಡ. ಹಳದಿ ತಲೆ ರಾಷ್ಟ್ರೀಯ ಹೆದ್ದಾರಿಯ ಗುರುತು, ಹಸಿರು ತಲೆ ರಾಜ್ಯ ಹೆದ್ದಾರಿಯದು. ದರ್ಜೆ ಬದಲಾದಾಗ ಬಣ್ಣ ಬದಲಿಸಿದರೆ ಸಾಕು. ಪೈಪು ಎಲ್ಲಿ ಒಡೆದಿದೆ, ಕಾಮಗಾರಿ ಎಲ್ಲಿಂದ ಎಲ್ಲಿವರೆಗೆ ಅಂತ ಹಳೇ ಕಡತಗಳೆಲ್ಲ ಆ ಕಲ್ಲಿನ ಲೆಕ್ಕದಲ್ಲೇ ಇರುತ್ತವೆ. ನಿಮ್ಮ ಅರ್ಜಿಯಲ್ಲಿ ಬರೆಯಬೇಕಾದ ಕಿ.ಮೀ. ಕೂಡ ಅದರ ಮೇಲಿದೆ. ಪಾದಚಾರಿ ಮಾರ್ಗ ಕಟ್ಟುವಾಗ ಕಲ್ಲು ಅಡ್ಡ ಬಂದರೆ ಅದೇ ಸಾಲಿನಲ್ಲಿ ಪಕ್ಕಕ್ಕೆ ಸರಿಸಿ ನೆಡಿ, ಹಿಂದೆ ಮುಂದೆ ಮಾತ್ರ ಕದಲಿಸಬೇಡಿ. ಅರ್ಜಿಗೆ ಮುಂಚೆ ಪ್ರತಿ ಕಲ್ಲಿನದೂ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಅಕ್ಷರ ಕಾಣುವಂತೆ.